ನೀರಿನ ಚಿತ್ರ

ಸಂಗೊಳ್ಳಿಯ ಆ ಮನೆಗೆ ಅದು ನನ್ನ ಆರನೆಯ ಭೇಟಿ. ಮಾತು ಬಾರದ ಏಳು ವರ್ಷದ ಹುಡುಗಿಗೆ ಮೊಬೈಲ್ ಆ್ಯಪಿನಲ್ಲಿ ಚಿತ್ರ ಒತ್ತಿ ತನಗೆ ಬೇಕಾದದ್ದನ್ನು ಕೇಳುವುದನ್ನು ಕಲಿಸಬೇಕಿತ್ತು. ಅವಳು ಒಮ್ಮೆಯೂ ಒತ್ತಿರಲಿಲ್ಲ. ಕೇಳುವ ಮೊದಲೇ ಅಜ್ಜಿ ಎಲ್ಲವನ್ನೂ ಕೊಟ್ಟುಬಿಡುತ್ತಿದ್ದಳು.

“ಆಕಿ ಒತ್ತೂತನಕಾ ನೀರು ಕೊಡಬ್ಯಾಡ್ರಿ, ಅವ್ವಾರ,” ಎಂದೆ.

“ನಿಮ್ಮ ಮೊಮ್ಮಗಳಿಗೂ ಹಿಂಗ ನೀರಡಿಸಿ ಕುಂಡ್ರಸ್ತೀರೇನ್ರಿ, ಮಾಸ್ತರ?”

ಈ ಜಗಳದಲ್ಲಿ, ಬಂದವರಿಗೆ ಮೊದಲು ಕೊಡುವ ನೀರು ಬೆಲ್ಲವನ್ನು ಅಜ್ಜಿ ಮರೆತಳು. ಹುಡುಗಿ ನನ್ನ ಮುಖ ನೋಡಿ ನೀರಿನ ಚಿತ್ರ ಒತ್ತಿದಳು. “ನೀರು ಬೇಕು,” ಎಂದಿತು ಮೊಬೈಲ್. ಅಜ್ಜಿ ಓಡಿ ತಂದ ತಂಬಿಗೆಯನ್ನು ಹುಡುಗಿ ನನ್ನತ್ತ ದೂಡಿದಳು.

ಕುಡಿದೆ. ಆ್ಯಪ್ ಕೊನೆಗೆ ಕೇಳುವ ಪ್ರಶ್ನೆ ಒಂದೇ: ಮಗು ತನಗೆ ಬೇಕಾದದ್ದನ್ನು ಕೇಳಿತೇ? ‘ಇಲ್ಲ’ ಎಂದು ಒತ್ತಿದೆ. ‘ಇಲ್ಲ’ ಎಂದರೆ ಮತ್ತೆ ಬರಲೇಬೇಕು; ಏಳನೆಯ ಭೇಟಿ ಗಂಟುಬಿತ್ತು.