ಮೆಂಬರ್ ಸಾಬರು ಹಾಸಿದ ಕಲ್ಲು

ಟಕ್ ಅಂತ ಸದ್ದಾಯಿತೆಂದರೆ ನಮ್ಮ ಬಾಗಿಲಿಗೆ ಯಾರೋ ಬಂದರು ಅಂತಲೇ ಅರ್ಥ. ಹೊಸ್ತಿಲ ಮುಂದಿನ ಆ ಒಂದು ಫರಸಿ ಕಲ್ಲು ಇಷ್ಟು ವರ್ಷವಾದರೂ ನೆಲಕ್ಕೆ ಕೂತಿಲ್ಲ. ಕಾಲಿಟ್ಟರೆ ಆಚೆ ವಾಲಿ ಟಕ್, ಕಾಲೆತ್ತಿದರೆ ಈಚೆ ವಾಲಿ ಟಕ್. ಮಳೆಗಾಲದಲ್ಲಿ ಅದಕ್ಕೆ ಇನ್ನೊಂದು ಗುಣ ಬರುತ್ತದೆ: ಅಡಿಯಲ್ಲಿ ನೀರು ಹಿಡಿದಿಟ್ಟುಕೊಂಡು, ತುಳಿದವರ ಮೇಲೆ ಪಿಚಕಾರಿ ಹೊಡೆಯುತ್ತದೆ. ಇವತ್ತು ಬೆಳಿಗ್ಗೆ ಹಾಲಿನವನ ಧೋತರಕ್ಕೆ ಹೊಡೆಯಿತು. ಅವನು ಕಲ್ಲನ್ನು ಬೈದ. ನಾನೂ ಅವನ ಜೊತೆ ಸೇರಿಕೊಂಡು ಬೈದೆ. ನಾಳೆ ಗೌಂಡಿಯನ್ನು ಕರೆಸಿ ಅದಕ್ಕೆ ಸಿಮೆಂಟು ಹಾಕಿಸಿಬಿಡುವುದೆಂದು ಸೊಸೆ ತೀರ್ಮಾನ ಮಾಡಿದ್ದಾಳೆ.

ಹಾಲಿನವನ ಧೋತರ ಬರೀ ನೆಪ. ನಿಜವಾದ ಕಾರಣ ಗೌರಿ, ಅವಳು ನಡೆಯುವಾಗ ಆ ಕಲ್ಲಿನ ಮೇಲೆ ಮುಗ್ಗರಿಸಬಾರದಂತೆ.

ಗೌರಿ ಅಂದರೆ ನನ್ನ ಮೊಮ್ಮಗಳು. ಅವಳ ಸುದ್ದಿ ತೆಗೆದರೆ ನನಗೆ ನಿಲ್ಲಿಸಲು ಬರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಮೊನ್ನೆ ಗೋಡೆ ಹಿಡಿದು ಎದ್ದು ನಿಂತಳು. ನಿಂತವಳು ನನ್ನ ಕಡೆ ತಿರುಗಿ ನಕ್ಕಳು. ನಾನು ಓಣಿಯ ಮನೆಮನೆಗೂ ಹೋಗಿ ಹೇಳಿ ಬಂದೆ. "ಎಲ್ಲಾ ಕೂಸುಗಳೂ ನಿಲ್ತಾವ ಆಯಿ" ಅಂದಳು ಎದುರುಮನೆಯವಳು. ನಿಲ್ಲುತ್ತವೆ, ಇಲ್ಲ ಅಂದವರು ಯಾರು? ಆದರೆ ಇಷ್ಟು ಚೆಂದ ನಿಲ್ಲುತ್ತವೆಯೇ? ಆಕೆಗೆ ಕಣ್ಣಿನ ದೋಷ ಇರಬೇಕು ಅಂತ ಬಂದುಬಿಟ್ಟೆ.

ಈಗ ನಡೆಯುವುದೊಂದು ಬಾಕಿ. ಅದು ಆಗುತ್ತಿಲ್ಲ, ಯಾಕೆಂದರೆ ನಾನು ಅವಳನ್ನು ಸೊಂಟದಿಂದ ಕೆಳಗೆ ಇಳಿಸುವುದಿಲ್ಲವಂತೆ. "ಅತ್ತಿ, ಕೂಸಿನ್ನ ಜರಾ ಕೆಳಗ ಬಿಡ್ರಿ. ನೀವು ಹಿಂಗ ಎತ್ಕೊಂಡೇ ತಿರಗಿದ್ರ ಅದು ನಡ್ಯಾದು ಯಾವಾಗ?" ಅಂತ ಸೊಸೆ ದಿನಾ ಕೇಳುತ್ತಾಳೆ. ಮೋಡ ಕಂಡರೆ ನನ್ನ ಕೈ ತಾನಾಗಿ ಕೂಸಿನ ಕಡೆ ಹೋಗುತ್ತದೆ. ಅದು ಒಂದು ಮಳೆಗಾಲದಲ್ಲಿ ಹತ್ತಿದ ಚಟ. ಆ ಮಳೆಗಾಲದ ಕತೆಯಲ್ಲಿ ಈ ಕಲ್ಲೂ ಬರುತ್ತದೆ. ಪುರುಸೊತ್ತಿದ್ದರೆ ಕೂತು ಓದಿ. ಮೂರನೇ ಇಯತ್ತೆಗೆ ಪಾಟಿ ಕೆಳಗಿಟ್ಟವಳು ನಾನು, ಹಿಂದುಮುಂದಾದರೆ ನೀವೇ ಸರಿ ಮಾಡಿಕೊಳ್ಳಿ.

ಭಂಕೂರಿನಿಂದ ಶಹಾಬಾದಿಗೆ ನಾನು ಸೊಸೆಯಾಗಿ ಬಂದಾಗ ನನಗೊಂದು ಹೆಮ್ಮೆ ಇತ್ತು. ಈ ಊರಿನ ಕಲ್ಲು ರೈಲು ಹತ್ತಿ ಎಲ್ಲೆಲ್ಲಿಗೋ ಹೋಗುತ್ತದೆ, ದೊಡ್ಡ ದೊಡ್ಡವರ ಪಡಸಾಲೆಯಲ್ಲಿ ಮಲಗುತ್ತದೆ. ಅಂಥ ಊರಿನ ಓಣಿಗಳು ಹೇಗಿರಬೇಕು ಅಂತ ಎಣಿಸಿಕೊಂಡು ಬಂದವಳು, ಟಾಂಗಾದಿಂದ ಇಳಿದ ಕೂಡಲೇ ಮೊಳಕಾಲ ತನಕ ಕೆಸರಿನಲ್ಲಿ ಹೂತೆ. ನಮ್ಮ ಓಣಿಯ ಗಂಡಸರೆಲ್ಲ ಕಲ್ಲಿನ ಖಣಿಯಲ್ಲೋ ಪಾಲಿಶ್ ಮಶೀನಿನಲ್ಲೋ ದುಡಿಯುವವರು. ದಿನವೆಲ್ಲ ಕಲ್ಲು ಕಡಿದು, ಸಂಜೆ ಕೆಸರು ತುಳಿದು ಮನೆ ಸೇರುತ್ತಿದ್ದರು. ಮೈಸೂರು ರಾಜ್ಯ ಹೋಗಿ ಕರ್ನಾಟಕ ಆಯಿತು. ರಾಜ್ಯದ ಹೆಸರು ಬದಲಾಯಿತು, ಓಣಿಯ ಕೆಸರು ಬದಲಾಗಲಿಲ್ಲ.

ನಮ್ಮ ವಾರ್ಡಿನ ಮೆಂಬರು ಮೆಹಬೂಬ್ ಸಾಬರು. ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು. ಒಳ್ಳೆಯ ಮನುಷ್ಯ. ಆದರೆ ಅವರ ಬಾಯಲ್ಲಿ ಇದ್ದದ್ದು ಒಂದೇ ಮಾತು: ಆಯ್ತು. ನಲ್ಲಿ ಬೇಕು ಅಂದರೆ ಆಯ್ತು. ನಲ್ಲಿ ನಮ್ಮ ಮನೆ ಮುಂದೆ ಬೇಡ ಅಂದರೆ ಅದಕ್ಕೂ ಆಯ್ತು. ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಹೇಗೆ ಆಗುತ್ತದೆ ಅಂತ ಕೇಳಿದರೆ "ಸಬರ್ ಮಾಡ್ರಿ ಬಾಯಿ, ಆಗ್ತದ" ಅಂತ ತಾಳ್ಮೆ ಹೇಳಿ, ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಅವರಿಗೆ ಚಹಾ ಮಾಡಿ ಮಾಡಿ ನಮ್ಮ ಅತ್ತೆಗೆ ರೋಸಿಹೋಗಿತ್ತು.

ಒಂದು ಬೇಸಿಗೆಯಲ್ಲಿ ಅವರು ಓಣಿಯವರನ್ನೆಲ್ಲ ಬೇವಿನ ಗಿಡದ ಕೆಳಗೆ ಕೂಡಿಸಿದರು. ಖಣಿಯ ಮಾಲೀಕರನ್ನು ಕೇಳಿ ಒಡಕು ಕಲ್ಲು ಪುಕ್ಕಟೆ ತಂದು ಹಾಕಿಸುತ್ತೇನೆ, ಹಾಸುವ ಕೆಲಸ ಮಾತ್ರ ನಿಮ್ಮದು ಅಂದರು. "ಮುನಸಿಪಾಲ್ಟಿಯಾಗ ನಮ್ಮ ಪಾಳಿ ಬರೋತನಕ ಯಾಕ ಕುಂದರಬೇಕು? ನೀವೆಲ್ಲ ಕಲ್ಲಿನ ಮಂದಿ. ನಿಮ್ಮ ನಿಮ್ಮ ಮನಿ ಮುಂದ ನೀವು ಹಾಸ್ಕೊಳ್ರಿ. ಒಂದು ವಾರದಾಗ ಓಣಿ ಪೂರಾ ಫರಸಿ!" ಎಲ್ಲರೂ ಹೂಂ ಅಂದರು. ಇಷ್ಟು ಸರಳ ಮಾತು ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವಲ್ಲ ಅಂತ ನಾವೂ ಅಂದುಕೊಂಡೆವು. ಸರಳ ಮಾತಿನ ಹೊಟ್ಟೆಯಲ್ಲಿ ಏನಿರುತ್ತದೆಂದು ಆಮೇಲೆ ಗೊತ್ತಾಯಿತು.

ಕಲ್ಲು ಬಂದ ಮರುದಿನವೇ ನಮ್ಮ ಮನೆಯವರು ಹಾಸಿಬಿಟ್ಟರು. ಮೆಂಬರ್ ಸಾಬರು ತೋರಿಸಿದ ಮಟ್ಟಕ್ಕೆ, ನಮ್ಮ ಹೊಸ್ತಿಲಿಗೆ ಸರಿಯಾಗಿ. ನನಗೆ ಎಷ್ಟು ಖುಷಿ! ಆಗ ನನ್ನ ಮಲ್ಲು, ಅಂದರೆ ಈ ಗೌರಿಯ ಅಪ್ಪ, ಅಂಬೆಗಾಲಿಡಲು ಶುರುಮಾಡಿದ್ದ. ಈ ಮಳೆಗಾಲದಲ್ಲಿ ಕೂಸು ಒಣನೆಲದ ಮೇಲೆ ಆಡುತ್ತದೆ ಅಂತ ಕನಸು ಕಂಡೆ.

ಎಲ್ಲರಿಗಿಂತ ಮೊದಲು ಹಾಸಿದ್ದೇ ನಮಗೆ ಮುಳುವಾಯಿತು.

ಓಣಿ ಮೇಲಿನ ರಸ್ತೆಯಿಂದ ನಾಲಾದ ಕಡೆ ಇಳಿಜಾರು. ನಮ್ಮ ಮೇಲ್ಮಗ್ಗುಲಿಗೆ ನಾಗಮ್ಮ ಕಾಕಿಯ ಮನೆ, ಕೆಳಮಗ್ಗುಲಿಗೆ ಭೀಮಶಾನ ಮನೆ, ಅದರಾಚೆ ನಾಲಾ. ಕಾಕಿ ನಮ್ಮ ಕಲ್ಲನ್ನು ನೋಡಿದಳು, ತನ್ನ ಮಕ್ಕಳಿಗೆ ಹೇಳಿ ಒಂದು ಗೇಣು ಎತ್ತರ ಹಾಸಿಸಿದಳು, ತನ್ನ ಬಾಗಿಲಲ್ಲಿ ಹನಿ ನೀರು ನಿಲ್ಲಬಾರದಲ್ಲ. ಕಾಕಿಯ ಎತ್ತರ ನೋಡಿದ ಭೀಮಶಾ, ಮೇಲಿನ ನೀರೆಲ್ಲ ತನ್ನ ಮನೆಗೆ ನುಗ್ಗುತ್ತದೆಂದು ಹೆದರಿ ಇನ್ನೂ ಎತ್ತರ ಹಾಸಿದ. ಅವನನ್ನು ನೋಡಿ ಎದುರಿನವರು, ಎದುರಿನವರನ್ನು ನೋಡಿ ಮೇಲಿನವರು. ಬೆಳಗಾದರೆ ಒಬ್ಬರ ಮನೆ ಮುಂದಿನ ಕಲ್ಲು ಏರಿರುತ್ತಿತ್ತು. ಓಣಿಯಲ್ಲಿ ನಡೆಯಬೇಕೆಂದರೆ ಹತ್ತಿ ಇಳಿದು ಹತ್ತಿ ಇಳಿದು ಹೋಗಬೇಕು, ಒಂಟೆಯ ಮೇಲೆ ಕೂತ ಹಾಗೆ. ನಮ್ಮ ಹೊಸ್ತಿಲು ಮೊದಲೇ ತಗ್ಗು, ನಾವು ಏರಿಸಿದರೆ ನೀರು ನೇರ ಒಲೆಗೇ. ಎರಡು ಗುಡ್ಡದ ನಡುವೆ ಕೆರೆಯಂತೆ ನಮ್ಮ ಮನೆ ಉಳಿಯಿತು.

ಇಷ್ಟು ಸಾಲದೆಂದು ಎಲ್ಲರೂ ಕಲ್ಲಿನ ನುಣುಪು ಮಗ್ಗುಲನ್ನೇ ಮೇಲೆ ಮಾಡಿ ಹಾಸಿದ್ದರು. ಯಾಕೆ ಅಂದರೆ, "ನಾವು ಪಾಲಿಶ್ ಮಾಡೋ ಮಂದಿ, ನಮ್ಮ ಓಣಿಯಾಗ ಖರಬುರ ಕಲ್ಲು ಹಾಕಿದ್ರ ಮಂದಿ ನಗ್ತಾರ" ಅಂದ ಭೀಮಶಾ.

ಮೆಂಬರ್ ಸಾಬರ ಹತ್ತಿರ ಹೋಗಿ ಅತ್ತೆ ಅತ್ತಳು. ಸಾಬರು ಆಯ್ತು ಅಂದರು. ಕಾಕಿಗೆ ಹೇಳಿದರು, ಕಾಕಿ "ಪೈಲೇ ಭೀಮಶಾ ಇಳಸಲಿ" ಅಂದಳು. ಅವರು ಅದಕ್ಕೂ ಆಯ್ತು ಅಂದು ಭೀಮಶಾನ ಮನೆಗೆ ಹೋದರು. ಅವನು "ಪೈಲೇ ಕಾಕಿ" ಅಂದ. ಅದಕ್ಕೂ ಆಯ್ತು. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು.

ಮಳೆ ಬಂತು. ಏನು ಹೇಳಲಿ! ಮೊದಲನೇ ಮಳೆಗೇ ಓಣಿಯ ನೀರೆಲ್ಲ ನಮ್ಮ ಮನೆಗೆ ಬೀಗರಂತೆ ಬಂದು ಕೂತಿತು. ಹೊರಸಿನ ಮೇಲೆ ಸ್ಟೋವು, ಹಿಟ್ಟಿನ ಡಬ್ಬಿ, ಹಾಸಿಗೆ ಎಲ್ಲ ಏರಿದವು. ಏರಲಾರದ್ದು ಮಲ್ಲು ಒಬ್ಬನೇ. ತೊಟ್ಟಿಲಲ್ಲಿ ಹಾಕಿದರೆ ಹಾರಲು ನೋಡುತ್ತಿದ್ದ, ಕೆಳಗೆ ಬಿಟ್ಟರೆ ನೀರು. ರೊಟ್ಟಿ ಬಡಿಯುವಾಗಲೂ ಸೊಂಟದ ಮೇಲೆ, ನೀರು ತೋಡಿ ಚೆಲ್ಲುವಾಗಲೂ ಸೊಂಟದ ಮೇಲೆ. ಅಂಬೆಗಾಲು ಕಲಿತ ಕೂಸು ಅದನ್ನು ಮರೆಯಹತ್ತಿತ್ತು. ಕೆಮ್ಮು ಬೇರೆ ಹತ್ತಿತು, ಎದೆ ಗೊರಗೊರ ಅನ್ನುತ್ತಿತ್ತು. ನನ್ನ ಸಿಟ್ಟಿನ ಅಡಿಯಲ್ಲಿ ಹೆದರಿಕೆ ಕೂತಿತ್ತು, ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಮಳೆ ಹೊಡೆಯುತ್ತಿರುವಾಗ ಮೆಂಬರ್ ಸಾಬರು ಛತ್ರಿ ಹಿಡಿದು ಬಂದರು. ಬಿಳಿ ಪೈಜಾಮ, ಬಿಳಿ ಜುಬ್ಬ. ಕಾಕಿಯ ಮನೆ ಮುಂದಿನ ನುಣುಪು ಕಲ್ಲಿನ ಮೇಲೆ ಕಾಲಿಟ್ಟದ್ದನ್ನು ನಾನು ನೋಡಿದೆ. ಆಮೇಲೆ ಅವರನ್ನು ನೋಡಿದ್ದು ನಮ್ಮ ಬಾಗಿಲಿನ ಕೆರೆಯಲ್ಲಿ, ಕುಳಿತ ಭಂಗಿಯಲ್ಲಿ. ಛತ್ರಿ ಮಾತ್ರ ಇನ್ನೂ ತಲೆಯ ಮೇಲೆ ನೆಟ್ಟಗೆ ಇತ್ತು.

"ಏನ್ ಬಾಯಿ, ಎಲ್ಲಾ ಆರಾಮೇನು?" ಅಂದರು, ಕೂತಲ್ಲಿಂದಲೇ.

ಆ ಮಾತಿಗೆ ನನಗೆ ಏನಾಯಿತೋ. ಅವರು ಏಳುವುದನ್ನೇ ಕಾದು, ಮಲ್ಲುನನ್ನು ಅವರ ಕೈಗೆ ತುರುಕಿದೆ. "ಹಿಡೀರಿ ಸಾಬ್. ಈ ಮನ್ಯಾಗ ಒಣ ಜಾಗ ಎಲ್ಲಿ ಕಾಣ್ತದ, ಅಲ್ಲಿ ಇಡ್ರಿ ನನ್ನ ಕೂಸಿನ್ನ. ನನ್ನ ಕೈ ಬಿದ್ದುಹೋಗ್ಯಾವ."

ಅವರು ಒಳಗೆ ಬಂದು ನಾಲ್ಕೂ ಕಡೆ ನೋಡಿದರು. ಕೂಸು ಕೆಮ್ಮಿತು. ಈ ಸಲ ಅವರು ಕೂಡಲೇ ಆಯ್ತು ಅನ್ನಲಿಲ್ಲ. ಕೂಸಿನ ಮೇಲೆ ಛತ್ರಿ ಹಿಡಿದು, ತಾವು ನೆನೆಯುತ್ತ, ಹೊರಗೆ ಹೊರಟರು. ನಾನು ಗಾಬರಿಯಾಗಿ ಹಿಂದೆಯೇ ಓಡಿದೆ. ಸಾಬರು ಕಾಕಿಯ ಬಾಗಿಲಲ್ಲಿ ನಿಂತರು.

"ಕಾಕಿ, ಈ ಕೂಸಿನ್ನ ಎಲ್ಲಿ ಇಡ್ಲಿ?"

"ಅಯ್ಯ, ನಮ್ಮ ಕಟ್ಟಿ ಮ್ಯಾಲ ಇಡೋ. ಯಾರದದು?"

"ನಿಮ್ಮ ಮನಿ ನೀರು ಯಾರ ಮನಿಗೆ ಹೋಗ್ತದ, ಅವರದು."

ಕಾಕಿ ಸೆರಗು ಸಿಕ್ಕಿಸಿ ಹೊರಗೆ ಬಂದಳು. "ನನ್ನ ನೀರಂತ! ಮ್ಯಾಲಿಂದ ಬಿದ್ದ ನೀರು ನಂದ್ಯಾಕಾಗ್ತದ? ಆ ಭೀಮಶಾನ ಕೇಳು ಹೋಗು, ಕೆಳಗ ಒಡ್ಡು ಕಟ್ಕೊಂಡು ಕುಂತಾನ."

ಭೀಮಶಾ ತನ್ನ ಬಾಗಿಲಿಂದಲೇ ಕೂಗಿದ: "ನೀ ಗುಡ್ಡ ಕಟ್ಟಿದಿ, ಅದಕ್ಕ ನಾ ಒಡ್ಡು ಕಟ್ಟಿದೆ ಕಾಕಿ!"

"ಬಾಯಿ ಮಾಡ್ತೀಯೇನೋ? ನನ್ನ ಕೈಯಾಗ ಇದ್ದಿದ್ರ ನಿನ್ನ ಮನಿ ಮುಂದ ಪಾತಾಳಕ್ಕ ಹಾಸ್ತಿದ್ದೆ ಕಲ್ಲು!"

"ನನ್ನ ಕೈಗೆ ಕೊಡು, ನಿನ್ನ ಬಾಗಿಲ ಮುಂದ ಬಾವೀನೇ ತೋಡ್ತೀನಿ!"

ಓಣಿಯವರೆಲ್ಲ ಮಳೆಯನ್ನೂ ಮರೆತು ಹೊರಗೆ ಬಂದು ನಿಂತಿದ್ದರು. ಅದೇ ಹೊತ್ತಿಗೆ ಮಲ್ಲು ಮೆಂಬರ್ ಸಾಬರ ಜುಬ್ಬದ ಮೇಲೆ ಬೆಚ್ಚಗೆ ಉಚ್ಚೆ ಹೊಯ್ದ. ಸಾಬರು ಕೂಸನ್ನು ನೋಡಿದರು, ಕಾಕಿಯನ್ನು ನೋಡಿದರು, ಭೀಮಶಾನನ್ನು ನೋಡಿದರು.

"ಆಯ್ತು" ಅಂದರು.

"ಏನ್ ಆಯ್ತು?" ಅಂದಳು ಕಾಕಿ.

"ಇಬ್ಬರದೂ ಆಯ್ತು. ಭೀಮಶಾನ ಮನಿ ಮುಂದ ನೀವು ಹಾಸ್ರಿ. ನಿಮ್ಮ ಮನಿ ಮುಂದ ಅವ ಹಾಸ್ಲಿ. ಎಲ್ಲಾರೂ ಹಿಂಗೇ. ತನ್ನ ಮನಿ ಮುಂದಿನ ಕಲ್ಲು ತಾ ಮುಟ್ಟಬಾರದು. ಯಾರ ಮ್ಯಾಲ ಯಾರಿಗೆ ಸಿಟ್ಟದ, ಅವರ ಮನಿ ಮುಂದ ಹೋಗಿ ಹಾಸ್ರಿ."

ಇಂಥ ಹುಕುಂ ಯಾರೂ ಕೇಳಿರಲಿಲ್ಲ. ಆದರೆ ಒಲ್ಲೆ ಅನ್ನಲು ಯಾರಿಗೂ ಮನಸ್ಸಾಗಲಿಲ್ಲ, ಎಲ್ಲರ ಮನಸ್ಸಿನಲ್ಲೂ ಒಂದೊಂದು ಮನೆ ಇತ್ತು!

ಐತವಾರ ಮಳೆ ಬಿಟ್ಟಿತ್ತು. ಸೂಟಿಯ ದಿನ ಅಷ್ಟು ಉಮೇದಿನಿಂದ ದುಡಿದ ಮಂದಿಯನ್ನು ನಾನು ಮತ್ತೆ ನೋಡಿಲ್ಲ. ಕಾಕಿ ತಾನೇ ಹಾರೆ ಹಿಡಿದು ಭೀಮಶಾನ ಗುಡ್ಡ ಕಿತ್ತಳು. ಭೀಮಶಾ ಹಾಡು ಹೇಳುತ್ತ ಕಾಕಿಯ ಗುಡ್ಡ ಕಿತ್ತ. ಒಬ್ಬರಿಗಿಂತ ಒಬ್ಬರು ತಗ್ಗು ತೋಡುವವರೇ. ಮೆಂಬರ್ ಸಾಬರು ಮೇಲಿನ ರಸ್ತೆಯಿಂದ ನಾಲಾದ ತನಕ ದಾರ ಕಟ್ಟಿ, ಅದರ ಉದ್ದಕ್ಕೂ ಓಡಾಡುತ್ತ ಕೈಮುಗಿಯುತ್ತಿದ್ದರು: "ಅಪ್ಪಾ, ದಾರಕ್ಕಿಂತ ಕೆಳಗ ಹೋಗಬ್ಯಾಡ್ರಿ! ಖರಬುರ ಮಗ್ಗಲಾ ಮ್ಯಾಲ ಮಾಡ್ರಿ, ನನ್ನ ಟೊಂಕ ಇನ್ನಾ ನೋಯಾಕತ್ತದ!" ಏರಿಸಬೇಡಿ ಅಂತ ಬೇಡಿಕೊಂಡು ಸೋತಿದ್ದವರು ಈಗ ಇಳಿಸಬೇಡಿ ಅಂತ ಬೇಡಿಕೊಳ್ಳುವಂತಾಯಿತು. ಪ್ರೀತಿಯಿಂದ ಆಗದ ಓಣಿ ಸಿಟ್ಟಿನಿಂದ ಸಪಾಟಾಯಿತು. ಇದಕ್ಕೆ ನಗಬೇಕೋ ಅಳಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಜೋಡಿ ಜೋಡಿ ಆಗುತ್ತ ಬಂದು ಕೊನೆಗೆ ನಮ್ಮ ಮನೆಯೊಂದು ಉಳಿಯಿತು, ನಮ್ಮ ಕಲ್ಲನ್ನೂ ಕಿತ್ತು ದಾರದ ಮಟ್ಟಕ್ಕೆ ಹಾಸಬೇಕಿತ್ತು. ನಮ್ಮ ಮೇಲೆ ಯಾರಿಗೂ ಸಿಟ್ಟಿರಲಿಲ್ಲವಲ್ಲ! ಹಾಗಾಗಿ ನಮ್ಮ ಮನೆ ಮುಂದೆ ಮೆಂಬರ್ ಸಾಬರೇ ಹಾಸಿದರು. ಸೈಕಲ್ ರಿಪೇರಿ ಮಾಡುವ ಕೈ. ಕಲ್ಲಿನ ಮಂದಿ ಸುತ್ತ ನಿಂತು ನಕ್ಕರು. ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡರು. ಸಾಬರು ಕೊನೆಯ ಕಲ್ಲಿನ ಮೇಲೆ ಹತ್ತಿ ನಿಂತರು. ಟಕ್ ಅಂದಿತು. "ಕುಂದರ್ತದ, ಸಬರ್ ಮಾಡ್ರಿ" ಅಂದರು.

ಮುಂದಿನ ಮಳೆಗೆ ನಾವು ಅತ್ತೆ-ಸೊಸೆ ಬಾಗಿಲಲ್ಲಿ ಕಾದು ನಿಂತೆವು. ನೀರು ಕಾಕಿಯ ಮನೆ ದಾಟಿ ಬಂತು. ನಮ್ಮ ಹೊಸ್ತಿಲ ಕಡೆ ಒಮ್ಮೆ ನೋಡಿದ ಹಾಗೆ ಮಾಡಿತು. ಭೀಮಶಾನ ಮನೆ ದಾಟಿ ನಾಲಾಕ್ಕೆ ಹೋಯಿತು. ಅತ್ತೆ ಒಳಗೆ ಹೋಗಿ ಚಹಾಕ್ಕಿಟ್ಟಳು. ನಾನು ಮಲ್ಲುನನ್ನು ಒಣನೆಲದ ಮೇಲೆ ಇಳಿಸಿದೆ. ಅವನು ಸ್ವಲ್ಪ ಹೊತ್ತು ನೆಲವನ್ನು ಅನುಮಾನದಿಂದ ಮುಟ್ಟಿ ನೋಡಿ, ಆಮೇಲೆ ಅಡಿಗೆಮನೆ ಕಡೆ ಅಂಬೆಗಾಲಿಟ್ಟುಕೊಂಡು ಹೋದ. ಕೆಮ್ಮು ನಿಂತಿತು. ನನ್ನ ಸೊಂಟಕ್ಕೆ ಮಾತ್ರ ಸುದ್ದಿ ಮುಟ್ಟಲಿಲ್ಲ ಅಂತ ಕಾಣುತ್ತದೆ, ಅದು ಇವತ್ತಿಗೂ ಮೋಡ ಕಂಡರೆ ಕೂಸು ಕೇಳುತ್ತದೆ.

ಮೆಂಬರ್ ಸಾಬರು ಆಮೇಲೆ ಎಷ್ಟೋ ವರ್ಷ ಬದುಕಿದ್ದರು. ಬಂದಾಗೆಲ್ಲ ಆ ಕಲ್ಲಿನ ಮೇಲೆ ಕಾಲಿಟ್ಟು, ಟಕ್ ಅನ್ನಿಸಿ, "ಇನ್ನಾ ಕೂತಿಲ್ಲೇನು ಇದು? ಬರೋ ಐತವಾರ ಬಂದು ಸರಿ ಮಾಡ್ತೀನಿ" ಅನ್ನುತ್ತಿದ್ದರು. ನಮ್ಮ ಮನೆಯವರು ಬೇರೆಯವರಿಗೆ ಮುಟ್ಟಗೊಡಲಿಲ್ಲ, ಸಾಬರು ಬೇಜಾರಾಗುತ್ತಾರೆ ಅಂತ. ಆ ಐತವಾರ ಬರಲೇ ಇಲ್ಲ.

ಇಷ್ಟು ಬರೆಯುವಷ್ಟರಲ್ಲಿ ಹೊರಗೆ ಒಂದು ಜೋರು ಮಳೆ ಬಿದ್ದು ನಿಂತಿದೆ. ಹಸಿ ಕಲ್ಲಿನ ವಾಸನೆ ಒಳಗೆ ಬರುತ್ತಿದೆ. ಎಡಸೊಂಟದ ಮೇಲೆ ಕೂತ ಗೌರಿ ಕೆಳಗಿಳಿಯಲು ಒದ್ದಾಡುತ್ತ ನನ್ನ ಅಕ್ಷರವನ್ನೆಲ್ಲ ಕೆಡಿಸಿದಳು. ಹೊಸ್ತಿಲ ತನಕ ಹೋದೆ. ಓಣಿಯ ನೀರು ತನ್ನ ಪಾಡಿಗೆ ತಾನು ನಾಲಾದ ಕಡೆ ಹೋಗುತ್ತಿತ್ತು. ನೋಡಿದೆ, ಇನ್ನೊಮ್ಮೆ ನೋಡಿದೆ, ಕೂಸನ್ನು ಇಳಿಸಿದೆ.

ನನ್ನ ಬೆರಳು ಹಿಡಿದು ನಿಂತಳು. ಬೆರಳು ಬಿಟ್ಟಳು. ಒಂದು ಹೆಜ್ಜೆ. ಟಕ್! ಬೆಚ್ಚಿ ನನ್ನ ಮುಖ ನೋಡಿದಳು. ನಾನು ನಕ್ಕೆ. ಇನ್ನೊಂದು ಹೆಜ್ಜೆ ಇಟ್ಟಳು, ಟಕ್ ಅಂದಿತು, ಈ ಸಲ ತಾನೇ ನಕ್ಕಳು. ಆಮೇಲೆ ಆ ಕಲ್ಲಿನಿಂದ ಇಳಿಸಬೇಕೆಂದರೆ ಇಳಿಯಲೊಲ್ಲಳು! ಸೊಸೆ ಒಳಗಿಂದ ಓಡಿ ಬಂದು ಬಾಯಿಗೆ ಕೈ ಇಟ್ಟುಕೊಂಡು ನಿಂತಳು. ಓಣಿಗೆಲ್ಲ ಕೇಳುವಂತೆ ಕೂಗಿದ್ದು ನಾನೇ ಇರಬೇಕು.

ಆಮೇಲೆ ಸೊಸೆ ಕಣ್ಣೊರೆಸಿಕೊಂಡು ಕೇಳಿದಳು: "ಅತ್ತಿ, ನಾಳಿ ಗೌಂಡಿ ಬರ್ತಾನಲ್ರಿ? ಈ ಕಲ್ಲಿಗೆ ಸಿಮೆಂಟ್ ಹಾಕ್ಸೋದು ಮರೀಬ್ಯಾಡ್ರಿ ಮತ್ತ."

"ಆಯ್ತು, ಆಯ್ತು" ಅಂದೆ.