ಗಡ್ಡೆಯ ಮೇಲಿನ ಸಕ್ಕರೆ

ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದವಳು ನಾನು. ಕೊನೆಯ ಬೆಂಚಿನವರಿಗೂ ಜೀವಕೋಶ ಅರ್ಥ ಮಾಡಿಸಿದ್ದೇನೆ. ಆದರೆ ನನ್ನ ಅಕ್ಕನ ಮನೆಯ ನಾಲ್ಕು ಮಂದಿಗೆ ಒಂದು ಮಾತು ತಿಳಿಸಲು ನನ್ನಿಂದ ಆಗಲಿಲ್ಲ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅಕ್ಕನನ್ನು ಐನಾಪುರಕ್ಕೆ ಕೊಟ್ಟದ್ದು. ಕಬ್ಬೂ ದ್ರಾಕ್ಷಿಯೂ ಇರುವ ಮನೆ. ಎದೆಯಲ್ಲಿ ಗಂಟು ಕೈಗೆ ಹತ್ತಿದಾಗ ದ್ರಾಕ್ಷಿ ಕಟಾವು ನಡೆದಿತ್ತು. ಮುಗಿಯಲಿ ಅಂತ ಯಾರಿಗೂ ಹೇಳದೆ ಸುಮ್ಮನಿದ್ದಳು. ಕೊಲ್ಹಾಪುರದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅದು ನಿಂಬೆಹಣ್ಣಿನಷ್ಟಾಗಿತ್ತು.

ಅಲ್ಲಿನ ಡಾಕ್ಟರು ನಮ್ಮ ಕಡೆಯವಳೇ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಈ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ನೋಡುವ ಮೂರು ಗುರುತುಗಳಲ್ಲಿ ಒಂದೂ ಅಕ್ಕನ ಗಡ್ಡೆಯಲ್ಲಿಲ್ಲ, ಇಂಥದು ಜೋರಾಗಿ ಬೆಳೆಯುತ್ತದೆ, ಮೊದಲು ಕೀಮೋ, ಆಮೇಲೆ ಆಪರೇಷನ್ ಅಂದಳು. ನಂತರ ಗಡ್ಡೆಯ ಒಂದು ಚೂರನ್ನು ಸಂಶೋಧನೆಗೆ ಕೊಡುತ್ತೀರಾ ಅಂತ ಕೇಳಿದಳು. "ಈ ಕೋಶಗಳ ಮೈಮ್ಯಾಲ ಸಕ್ಕರಿ ಅಣುಗಳ ಸರಪಳಿ ಇರ್ತಾವರಿ. ಕೆಟ್ಟ ಗಡ್ಡಿ ಯಾವುದು ಅಂತ ಅವುಗಳಿಂದ ಗುರುತ ಹಿಡಿಯಾಕ ಆಗ್ತತೇನ ಅಂತ ನೋಡಾಕತ್ತೀವಿ."

ಅಕ್ಕ ಸಹಿ ಮಾಡಿದಳು. ಪಕ್ಕದಲ್ಲಿದ್ದ ಭಾವನ ಕಿವಿಗೆ ಬಿದ್ದದ್ದು ಒಂದೇ ಶಬ್ದ.

ಮರುದಿನ ಐನಾಪುರಕ್ಕೆ ಹೋದರೆ ಸಕ್ಕರೆ ಡಬ್ಬಿ ಅಟ್ಟ ಏರಿತ್ತು. ಬೆಲ್ಲ ಇಲ್ಲ, ಬಾಳೆಹಣ್ಣಿಲ್ಲ, ಅನ್ನವೂ ಇಲ್ಲ. ಅಕ್ಕನ ಮುಂದೆ ಕರಿ ಚಹಾ, ಅರ್ಧ ರೊಟ್ಟಿ.

"ಗಂಟಿನ ಮ್ಯಾಲ ಸಕ್ಕರಿ ಐತಿ ಅಂತ ಡಾಕ್ಟರೇ ಹೇಳ್ಯಾರ," ಅಂದರು ಅಕ್ಕನ ಅತ್ತೆ.

"ಅದು ತಿಂದ ಸಕ್ಕರಿ ಅಲ್ರಿ, ಕೋಶ ತಾನ ಕಟ್ಟಿಕೊಳ್ಳೋದು. ಎಲ್ಲಾರ ಕೋಶದ ಮ್ಯಾಲೂ ಇರ್ತತಿ. ನಿಮ್ಮ ರಕ್ತದ ಗುಂಪು ಎ ಅಂತ ಗುರ್ತ ಹಿಡಿಯೋದೂ ಅಂಥಾ ಸಕ್ಕರಿ ಮ್ಯಾಲೇ," ಅಂದೆ ನಾನು.

"ಅಯ್ಯ! ಹಂಗಾದ್ರ ನನ್ನ ರಕ್ತದಾಗೂ ಸಕ್ಕರಿ ಐತೇನ?"

ಮರುದಿನ ಭಾವ ಮನೆಮಂದಿಯನ್ನೆಲ್ಲ ಕರೆದೊಯ್ದು ಶುಗರ್ ತಪಾಸಣೆ ಮಾಡಿಸಿಕೊಂಡು ಬಂದ. ನನಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಪ್ರತಿ ಭಾನುವಾರ ಹೋಗಿ ಹಾಳೆಯ ಮೇಲೆ ಕೋಶದ ಚಿತ್ರ ಬರೆದೆ, ಬಾಣ ಎಳೆದೆ, ದನಿ ಏರಿಸಿದೆ. ಭಾವ ತಲೆಯಾಡಿಸುತ್ತಿದ್ದ, ಕಡೆಗೆ "ಖರೇ ಐತಿ, ಆದ್ರೂ ಯಾಕ ರಿಸ್ಕ್?" ಅನ್ನುತ್ತಿದ್ದ. ಮುಂಜಾನೆ ಎದ್ದರೆ ಅವನ ಮೊಬೈಲಿಗೆ ಮರಾಠಿಯಲ್ಲೊಂದು, ಕನ್ನಡದಲ್ಲೊಂದು ಉಪದೇಶ ಬಂದಿರುತ್ತಿತ್ತು. ಅವಕ್ಕೆ ಇದ್ದ ಕಿಮ್ಮತ್ತು ನನಗಿರಲಿಲ್ಲ.

ಮೂರನೇ ಕೀಮೋಕ್ಕೆ ಹೋದಾಗ ಅಕ್ಕನ ತೂಕ ನೋಡಿ ಡಾಕ್ಟರು ಔಷಧಿ ಹಾಕಲು ಒಪ್ಪಲಿಲ್ಲ. "ಉಪಾಸ ಹಾಕಿದ್ರ ಗಡ್ಡಿ ಸಾಯಂಗಿಲ್ಲ, ಪೇಶಂಟ್ ಸೋಲ್ತಾರ," ಅಂತ ಭಾವನನ್ನು ಎಲ್ಲರೆದುರು ಗದರಿದಳು. ವಾರ ಬಿಟ್ಟು ಬರಲು ಹೇಳಿದಳು. ನನಗೆ ಒಳಗೊಳಗೇ ಗೆದ್ದಂತಾಯಿತು. ಸುಳ್ಳೇಕೆ ಹೇಳಲಿ.

ಮನೆಗೆ ಬಂದು ಬಟ್ಟಲಲ್ಲಿ ಬೆಲ್ಲದ ಗೋಧಿ ಹುಗ್ಗಿ ಹಾಕಿ ಅಕ್ಕನ ಮುಂದಿಟ್ಟೆ. ಅವಳು ಮುಟ್ಟಲಿಲ್ಲ.

"ಇನ್ನೇನು? ಡಾಕ್ಟರೇ ತಿನ್ನು ಅಂದಾರಲ್ಲ!"

"ಮನಿಯವರು ಬ್ಯಾಡ ಅಂದಿದ್ದಕ್ಕ ಬಿಟ್ಟೀನಿ ಅಂತ ತಿಳ್ಕೊಂಡಿಯೇನ?" ಅಂದಳು. "ನನಗೇ ಅಂಜಿಕಿ ಬೇ. ಸಿಹಿ ಬಾಯಾಗ ಇಟ್ರ ಆ ಗಂಟಿಗೇ ಉಣಿಸಿದಂಗ ಅನಸ್ತತಿ. ನೀ ಬಂದಾಗೆಲ್ಲಾ ಪಾಠ ಹೇಳಿ ಹೋಗ್ತಿ. ಅಂಜಿಕಿ ಆಗೇತೇನ ಅಂತ ಒಮ್ಮೆರ ಕೇಳಿಯೇನ?"

ಕೇಳಿರಲಿಲ್ಲ. ಎರಡು ತಿಂಗಳು ನಾನು ಜಗಳವಾಡಿದ್ದು ತಪ್ಪು ಮಂದಿಯ ಜೊತೆ.

ಅವಳ ಪಕ್ಕ ಕುಳಿತು ಅದೇ ಬಟ್ಟಲಿನಿಂದ ಒಂದು ತುತ್ತು ನಾನು ತಿಂದೆ. ಬಹಳ ಹೊತ್ತಿನ ಮೇಲೆ ಅವಳೂ ಅರ್ಧ ತುತ್ತು ತಿಂದಳು, ಕಣ್ಣು ಮುಚ್ಚಿಕೊಂಡು, ಕಹಿ ಗುಳಿಗೆ ನುಂಗುವವಳ ಹಾಗೆ. ಆ ವಾರ ರಜೆ ಹಾಕಿ ಅಲ್ಲೇ ಉಳಿದೆ.

ಕೀಮೋ ಮುಗಿಯಿತು, ಆಪರೇಷನ್ ಆಯಿತು. ಕಳೆದ ತಪಾಸಣೆಯಲ್ಲಿ ಏನೂ ಕಾಣಲಿಲ್ಲ. ಮೂರು ತಿಂಗಳಿಗೊಮ್ಮೆ ಹೋಗುತ್ತಿರಬೇಕು. ಆ ಚೂರಿನ ಸಕ್ಕರೆ ಏನು ಹೇಳಿತು ಅಂತ ಭಾವ ಕೇಳಿದ. ಅದು ಒಬ್ಬರ ರಿಪೋರ್ಟ್ ಅಲ್ಲ, ಬಹಳ ಮಂದಿಯ ಚೂರು ಕೂಡಿಸಿ ನೋಡಬೇಕು, ವರ್ಷಗಟ್ಟಲೆ ಹಿಡಿಯುತ್ತದೆ ಅಂದಳು ಡಾಕ್ಟರು.

"ಇಷ್ಟೆಲ್ಲಾ ಸಕ್ಕರಿ ಸಕ್ಕರಿ ಅಂದು ಕಡೀಕ ನಮಗೇನೂ ಹೇಳಂಗಿಲ್ಲೇನ್ರಿ?" ಅಂತ ಭಾವ ರೇಗಿದ. ಜೀವನದಲ್ಲಿ ಮೊದಲ ಸಲ ನಾವಿಬ್ಬರೂ ಒಂದೇ ವಿಷಯಕ್ಕೆ ಬೇಸರಪಟ್ಟಿದ್ದೆವು.

ನಿನ್ನೆ ಅವನಿಂದ ಮತ್ತೊಂದು ಸಂದೇಶ ಬಂತು: ಬಿಸಿನೀರಿಗೆ ನಿಂಬೆ ಹಿಂಡಿ ಕುಡಿದರೆ ಕ್ಯಾನ್ಸರ್ ಮಾಯವಂತೆ. ಸಿಟ್ಟಿನಲ್ಲಿ ಉದ್ದಕ್ಕೆ ಉತ್ತರ ಬರೆದು ಅಳಿಸಿದೆ. ಅಕ್ಕ ಊಟ ಮಾಡಿದಳೇನು ಅಂತಷ್ಟೇ ಕೇಳಿದೆ.

"ಎರಡು ರೊಟ್ಟಿ ತಿಂದಾಳ. ನನಗ ಬೈಯಾಕತ್ತಾಳ," ಅಂತ ಬರೆದಿದ್ದ.