ಅಕ್ಕನ ಅಳತೆ ಟೇಪು

ಅಕ್ಕ ಈ ಸಲ ಬಂದಾಗ ನನ್ನ ಮಗಳನ್ನು ಅಳೆಯಲಿಲ್ಲ. ಅದೇ ಚಿಂತೆ ನನ್ನನ್ನು ಬಿಡುತ್ತಿಲ್ಲ. ಆಕೆ ಕಾಡಿನ ವಿಜ್ಞಾನಿ; ಹೆಗಲ ಚೀಲ ಇಳಿಸುವ ಮೊದಲೇ ಮರ ಅಳೆಯುವ ಟೇಪನ್ನು ಮಗುವಿನ ಎದೆಗೆ ಸುತ್ತುವವಳು. ಮಗಳು ಸೊರಗಿದ್ದಾಳೆಂದು ನಾನು ಹಲುಬಿದರೆ, "ನೆರಳಲ್ಲಿರೋ ಸಸಿ ಕಣೇ, ಬೆಳಕು ಬಿದ್ದಾಗ ಜಿಗಿಯುತ್ತೆ, ನೀನು ಸುಮ್ನಿರು" ಎನ್ನುವಳು. ಸೋಫಾದಲ್ಲಿ ಕೂತರೂ ಕಾಲುಚೀಲ ಕಳಚಿ ಜಿಗಣೆ ಹುಡುಕುವಳು. ನೆಂಟರ ಹೆಸರು ಮರೆತರೂ ಮರಗಳ ಹೆಸರು ಒಪ್ಪಿಸುವಳು. ಈ ಸಲ ಟೇಪು ಚೀಲದಿಂದ ಹೊರಬರಲೇ ಇಲ್ಲ. ಇಪ್ಪತ್ತು ವರ್ಷದಿಂದ ಆಕೆ ಅಳೆಯುತ್ತಿದ್ದ ಮರಗಳನ್ನೆಲ್ಲ ರಸ್ತೆಗಾಗಿ ಕಡಿದರಂತೆ. "ಸಾಕಾಯ್ತು ಕಣೇ, ಇನ್ನೇನು ಅಳೀಲಿ?" ಎಂದು ಹೊರಟುಹೋದಳು. ಇವತ್ತು ಕೊನೆಗೂ ಫೋನ್ ಮಾಡಿದೆ: "ಅಕ್ಕಾ, ಇವಳಿಗೆ ಅಂಗಿಯೆಲ್ಲ ಬಿಗಿಯಾಗ್ತಿದೆ. ಎಷ್ಟು ಬೆಳೆದಿದ್ದಾಳೋ ನಂಗೆ ಗೊತ್ತಾಗ್ತಿಲ್ಲ. ಟೇಪ್ ತಗೊಂಡು ಬಾ."